ನೀರಿನ ಗುಳಿಗೆ

ಮಾಲ್ದಾರೆ ದಾರಿಯ ನಮ್ಮ ಆಸ್ಪತ್ರೆಯಲ್ಲಿ
ನನ್ನದು ಔಷಧಿಯ ಕಿಟಕಿ.
ಒಂದೂವರೆ ಗೇಣಿನ ಕಿಂಡಿ, ಮುಖ ಕಾಣದು,
ಒಳಗೆ ಬರುವುದು ಅಂಗೈ ಮಾತ್ರ.
ಹನ್ನೊಂದು ವರ್ಷ ಅಂಗೈಗಳನ್ನೇ ಓದಿದ್ದೇನೆ:
ಮೆಣಸು ಬಿಡಿಸಿದ್ದು, ಗೊಬ್ಬರ ಎರಚಿದ್ದು,
ಕಾಫಿ ಕೊಯ್ದು ಕೊಯ್ದು ಉಗುರಿನ ಬುಡ ಕಪ್ಪಾದದ್ದು.

ಎರವರ ಬೊಳ್ಳಿಯ ಚೀಟಿ
ತಿಂಗಳಿಂದ ತಿಂಗಳಿಗೆ ಉದ್ದವಾಯಿತು.
ಐದು ಇದ್ದದ್ದು ಹತ್ತು, ಹತ್ತರ ಮೇಲೆ ಇನ್ನೊಂದು ಬಣ್ಣ.
ಬಿಪಿ ಮಾತ್ರ ಎಸ್ಟೇಟಿನ ಗೇಟಿನ ಹಾಗೆ
ಇದ್ದಲ್ಲೇ ಇತ್ತು.
ಹಿಂದಿನ ಡಾಕ್ಟರು ಹೋಗುವ ಮೊದಲು
ಕೆಂಪು ಶಾಯಿಯಲ್ಲಿ ಬರೆದಿಟ್ಟರು:
"ಹೇಳಿದ ಮಾತು ಕೇಳುವುದಿಲ್ಲ."

ಓದಿದೆ. ಎಣಿಸಿ ಕೊಟ್ಟೆ.
ಎಣಿಸುವುದು ನನ್ನ ಕೆಲಸ,
ಯೋಚಿಸುವುದು ಒಳಗಿನ ಕೋಣೆಯದು.

ಡಾಕ್ಟರ್ ನಿರ್ಮಿತಾ ಬಂದ ಮೇಲೆ
ಬುಧವಾರ ಬೆಳಿಗ್ಗೆ ಬೆಂಚು ಹೊರಗೆ ಬಂತು.
ಎಲ್ಲರೂ ಕೂರಬೇಕು, ಎಂದರು. ಎಲ್ಲರೂ ಅಂದರೆ ಎಲ್ಲರೂ.
ನರ್ಸ್ ಫಿಲೋಮಿನಾ ರಿಜಿಸ್ಟರನ್ನು ಎದೆಗವಚಿ ಕೂತರು,
ಆಶಾ ರುಖಿಯಾ ತುದಿಯಲ್ಲಿ.
ಕುಟ್ಟಪ್ಪ ಜೀಪಿಗೆ ಒರಗಿಯೇ ನಿಂತ:
"ನಾನು ಡ್ರೈವರು. ನಿಮ್ಮ ಮಾತು ಮುಗಿಯಲಿ, ಹೊರಡೋಣ."
ನಾಲ್ಕು ಬುಧವಾರ ಕಾಫಿ ಕುಡಿದು ಎದ್ದೆವು.
ಐದನೆಯದಕ್ಕೆ ಬೊಳ್ಳಿಯ ಹೆಸರು ಬಂತು.

ಇನ್ನೂರರ ಹತ್ತಿರ ಇದೆ, ಎಂದರು ಡಾಕ್ಟರು,
ಇನ್ನು ಮಡಿಕೇರಿಗೆ ಕಳಿಸುವುದೇ.
ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು:
"ಬಿಳಿ ಗುಳಿಗೆಗೆ ಕೈ ಚಾಚುತ್ತಾಳೆ, ಮೇಡಂ.
ಹಳದಿಯದು, ಆ ನೀರು ಹೋಗುವ ಗುಳಿಗೆ,
ಅದು ಬಂದಾಗ ಬೆರಳು ಮಡಚುತ್ತಾಳೆ.
ಚೀಟಿಯಲ್ಲಿದೆ ತಗೋ ಅಂತ ತುರುಕುತ್ತೇನೆ."
ಎಷ್ಟು ದಿನದಿಂದ?
ವರ್ಷದಿಂದ, ಎನ್ನುವಾಗ ನಾಲಿಗೆ ಒಣಗಿತ್ತು.

ರುಖಿಯಾ ಸೆರಗಿನ ಅಂಚು ಸುತ್ತುತ್ತ:
"ಬೆಳಿಗ್ಗೆ ನುಂಗಿದರೆ ಕೊಯ್ಲಿನ ಹೊತ್ತಿಗೆ ಅವಸರ.
ಆಚೆ ಈಚೆ ಸಾಲಲ್ಲಿ ಗಂಡಸರು,
ಮೂರನೇ ಸಲ ಮರೆಗೆ ಹೋದರೆ
ರೈಟರು ಹೆಸರು ಹಿಡಿದು ಕೂಗುತ್ತಾನೆ.
ಸಂಜೆ ನುಂಗು ಅಂತ ನಾನೇ ಹೇಳಿದ್ದೆ."

"ಸಂಜೆಯಾ?"
ಜೀಪಿನ ಕಡೆಯಿಂದ ಬಂತು ದನಿ.
"ಆ ಲೈನಿಗೆ ಕಕ್ಕಸು ಎಲ್ಲಿದೆ?
ಹಿಂದೆ ಹಲಸು, ಹಲಸಿನಾಚೆ ಆನೆಕಂದಕ ಕುಸಿದು ಎರಡು ಮಳೆ ಆಯಿತು.
ಮೂರು ದೊಡ್ಡವು, ಒಂದು ಮರಿ.
ಏಳು ಗಂಟೆ ಮೇಲೆ ಆ ತಿರುವಿನಲ್ಲಿ
ನಾನೇ ಲೈಟು ಆರಿಸಿ ಕಾಯುತ್ತೇನೆ, ಜೀಪಿನೊಳಗೆ ಕೂತು.
ಅವಳು ಬರಿಗಾಲಲ್ಲಿ ಎಲ್ಲಿಗೆ ಹೋಗಬೇಕು, ಹೇಳಿ?"

ಯಾರೂ ಹೇಳಲಿಲ್ಲ.
ಸಿಲ್ವರ್ ಓಕಿನ ಎಲೆಯೊಂದು ಕಾಫಿ ಲೋಟಕ್ಕೆ ಬಿತ್ತು,
ಫಿಲೋಮಿನಾ ಅದನ್ನು ತೆಗೆಯಲೂ ಇಲ್ಲ.

ಡಾಕ್ಟರು ಕೆಂಪು ಸಾಲನ್ನು ಹೊಡೆದು ಹಾಕಲಿಲ್ಲ.
ಕೆಳಗೆ ನೀಲಿಯಲ್ಲಿ ಒಂದೇ ಪದ ಬರೆದರು:
ಆನೆ.
ಆಮೇಲೆ ಕುಟ್ಟಪ್ಪನ ಕಡೆ ನೋಡಿ,
ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತರು.

ಈಗ ಗುಳಿಗೆ ಬೇರೆ.
ಭಾನುವಾರ, ಸಂತೆಗೆ ಹೊರಡುವ ಮೊದಲೇ
ಫಿಲೋಮಿನಾ ಲೈನಿನ ಜಗುಲಿಯಲ್ಲೇ ಬಿಪಿ ಪಟ್ಟಿ ಸುತ್ತುತ್ತಾರೆ.
ನೂರ ಐವತ್ತೆಂಟು. ಇನ್ನೂ ಇಳಿಯಬೇಕು.
ಕಕ್ಕಸಿನ ಮಾತಿಗೆ ಸಾಹುಕಾರರು
ಕೊಯ್ಲು ಮುಗಿಯಲಿ ಎಂದರಂತೆ.
ರುಖಿಯಾ ಪ್ರತಿ ಬುಧವಾರ ಅದನ್ನೇ ಮೊದಲು ಓದುತ್ತಾಳೆ,
ರೋಗಿಯ ಹೆಸರು ಓದುವ ಹಾಗೆ.

ಮೊನ್ನೆ ಕಿಂಡಿಯಲ್ಲಿ ಬೊಳ್ಳಿಯ ಕೈ.
ಚೀಟಿ ಅಲ್ಲ, ಗಂಟು ಹಾಕಿದ ಪ್ಲಾಸ್ಟಿಕ್ ಕವರು,
ಹೊಗೆಸೊಪ್ಪಿನ ವಾಸನೆ.
ಬಿಚ್ಚಿದರೆ ಹಳದಿ, ಹಳದಿ, ಹಳದಿ.
ಅಭ್ಯಾಸಬಲ, ಎಣಿಸಿದೆ: ಮುನ್ನೂರ ಹನ್ನೆರಡು.

"ಹಾಳು ಮಾಡಿಲ್ಲ," ಎಂದಳು ಗೋಡೆಯಾಚೆಯಿಂದ.
"ಮನೆಯೊಳಗೇ ಕಕ್ಕಸು ಇರುತ್ತದಲ್ಲ,
ಅಂಥವರು ಬಂದರೆ ಕೊಡಿ."