ಬಟನ್ ಒತ್ತಿ

ಪಣಂಬೂರಿನ ಯಾರ್ಡಿನಲ್ಲಿ ಹನ್ನೊಂದು ವರ್ಷ
ಲಾರಿಗಳ ಬೆನ್ನ ಹಿಂದೆ ನಿಂತವಳು ನಾನು.
ಬರ್ಲಿ, ಬರ್ಲಿ, ಹೋಲ್ಡ್!
ಕೈ ನನ್ನದು, ಬಾಯಿ ಅವುಗಳದ್ದು:
ಪೀಂ ಪೀಂ ಪೀಂ ಪೀಂ.

ದಿಮ್ಮಿ ಎಣಿಸುವ ಕೆಲಸ. ಸೀಮೆಸುಣ್ಣದಲ್ಲಿ
ಮಲೇಷ್ಯಾದ ಮರಕ್ಕೆ ಮಂಗಳೂರಿನ ನಂಬರು.
ನೂರ ಹನ್ನೆರಡು ಬರೆಯುವಷ್ಟರಲ್ಲಿ
ಹಿಂದೊಂದು ಲೋಡರು ಪೀಂ ಅನ್ನುತ್ತದೆ,
ಮುಂದೊಂದು. ಯಾವುದು ನನ್ನತ್ತ ಬರುತ್ತಿದೆ?

ಕಿವಿಗಿಡಲು ಕಿತ್ತಳೆ ಬಣ್ಣದ ರಬ್ಬರು ಕೊಟ್ಟಿದ್ದಾರೆ, ದಾರ ಸಮೇತ.
ಇಟ್ಟರೆ ಲಾರಿ ಕೇಳುವುದಿಲ್ಲ,
ಇಡದಿದ್ದರೆ ಲಾರಿ ಮಾತ್ರ ಕೇಳುತ್ತದೆ.
ಕೊರಳಿಗೆ ಹಾಕಿಕೊಂಡೆ, ಜಪಮಾಲೆಯ ಜೊತೆಗೆ.

ಕ್ಯಾಂಪಿನ ದಿನ ಗಾಜಿನ ಗೂಡಿನೊಳಗೆ ಕೂರಿಸಿ
ಕಿವಿಗೆ ಮುಚ್ಚಳ ಹಾಕಿದಳು ಡಾಕ್ಟ್ರು ಹುಡುಗಿ.
"ಪೀಂ ಅಂತ ಕೇಳಿದಾಗೆಲ್ಲ ಬಟನ್ ಒತ್ತಿ, ಪ್ಲಾವಿಬಾಯಿ."
ಒತ್ತಿದೆ. ಒತ್ತಿದೆ. ಒತ್ತುತ್ತಲೇ ಇದ್ದೆ.
ಗಾಜಿನಾಚೆ ಅವಳು ಮೆಷಿನಿನ ವಯರು ಕಿತ್ತು
ಎತ್ತಿ ಹಿಡಿದು ತೋರಿಸಿದಳು.
ನಾನಿನ್ನೂ ಒತ್ತುತ್ತಿದ್ದೆ.

ಇಗರ್ಜಿಯ ಗಂಟೆ ಕೇಳುತ್ತದೆ, ದಪ್ಪ ಸದ್ದಿಗೆ ತೊಂದರೆಯಿಲ್ಲ.
ಸಣ್ಣವೇ ಹೋದವು:
ಬಂಗುಡೆ ಬಾಣಲೆಗೆ ಬಿದ್ದಾಗಿನ ಚುಂಯ್,
ಮಗಳು ಬಾಯೊಳಗೇ ಬೈಯುವ ಬೈಗಳು
(ಅದೊಂದು ಲಾಭ).

ನಿನ್ನೆ ಚೆಯ್ಯಬ್ಬ ಲೋಡರಿನಿಂದ ಹಾರಿ ಓಡಿಬಂದ.
ಅಲಾರಂ ಕೆಟ್ಟು ಮೂರು ದಿನವಾಯಿತಂತೆ.
"ಸದ್ದೇ ಇಲ್ಲದೆ ಹೇಗೆ ಸರಿದಿರಿ ಮಾರಾಯ್ರೆ?"

ಏನು ಹೇಳಲಿ,
ಮಲಗಿದಾಗಲೂ ನಾನು ಸರಿಯುತ್ತಿರುತ್ತೇನೆ
ಸ್ವಲ್ಪ ಸ್ವಲ್ಪವೇ,
ಗೋಡೆಯವರೆಗೆ.