ಏಳನೇ ಸಾಲು

ಏಳನೇ ಸಾಲು ನನ್ನದು.
ಅಂದರೆ, ಸೇಟುದು. ಒರೆಸುವವಳು ನಾನು.
ಇಂದಿರಾನಗರದ ಈ ಅಂಗಡಿಯಲ್ಲಿ
ಹಡಗು ಹತ್ತಿ ಬಂದವಕ್ಕೆಲ್ಲ ಒಂದೇ ಓಣಿ:
ಎಡಕ್ಕೆ ಗಾಜು, ಬಲಕ್ಕೆ ಡಬ್ಬಿ,
ತುದಿಯಲ್ಲಿ ಗುಂಯ್ಗುಡುವ ಫ್ರೀಜರು.

ಬೆಳಿಗ್ಗೆ ಗೋಡೌನಿನಲ್ಲಿ ಕೂತು ಚೀಟಿ ಅಂಟಿಸುತ್ತೇನೆ.
ಯಾರದೋ ಲಿಪಿಯ ಮೇಲೆ ನಮ್ಮ ಬೆಲೆ,
ಆಮದು ಮಾಡಿದವರ ವಿಳಾಸ,
ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಉಳಿದದ್ದಕ್ಕೆ ಕಂದು ತ್ರಿಕೋನ.
ಎಷ್ಟೋ ಸಲ ಚೀಟಿ ಕೂರುವುದು
ಬೇಯಿಸುವ ಬಗೆ ಬರೆದಲ್ಲೇ.
ಗೊತ್ತಿದ್ದವರು ಓದಲ್ಲ, ಗೊತ್ತಿಲ್ಲದವರು ಕೊಳ್ಳಲ್ಲ,
ಅಂಟಿಸಮ್ಮ ನೀನು, ಅಂತಾನೆ ಮ್ಯಾನೇಜರ್ ಸಂಪತ್ತು.

ಶನಿವಾರ ಬರುತ್ತಾರೆ.
ಜರ್ಮನಿಯವನೊಬ್ಬ, ಕಪಾಟಿಗಿಂತ ಎತ್ತರ,
ಬ್ರೆಡ್ಡನ್ನು ಅಂಗೈಯಲ್ಲಿ ತೂಗಿ ನೋಡಿ
ವಾಪಸ್ ಇಡುತ್ತಾನೆ: ಹಗುರ.
ಕೊರಿಯಾದ ತಾಯಿ ಮೂಲಂಗಿ ಉಪ್ಪಿನಕಾಯಿಯ ಪೊಟ್ಟಣವನ್ನು
ಮಗುವಿನ ಹೊಟ್ಟೆ ಒತ್ತಿದ ಹಾಗೆ ಒತ್ತುತ್ತಾಳೆ, ಉಬ್ಬಿದೆಯೇ ಅಂತ.
ಆಸ್ಟ್ರೇಲಿಯಾದ ಮುದುಕನಿಗೆ ಬೇಕಾದ್ದು
ಕರಿ ಲೇಹ್ಯದಂಥ ಒಂದು ಸೀಸೆ.
ತಾರೀಕು ಮೀರಿದೆ ಸಾರ್, ಅಂದೆ.
ನನ್ನದೂ ಮೀರಿದೆ, ಕೊಡಮ್ಮ, ಅಂದ ಹರಕು ಕನ್ನಡದಲ್ಲಿ.
ಕೊಡುವ ಹಾಗಿರಲಿಲ್ಲ.
ಇಬ್ಬರೂ ನಕ್ಕೆವು. ಸೀಸೆ ಕಸಕ್ಕೆ ಹೋಯಿತು.

ನೋಯ್ ಮಾತ್ರ ಬರುತ್ತಿದ್ದುದು ಮಂಗಳವಾರ,
ಸ್ಪಾಗೆ ರಜೆಯ ದಿನ.
ಕಂಡವರ ಬೆನ್ನು ತಿಕ್ಕಿ ತಿಕ್ಕಿ ಬೆರಳ ಗೆಣ್ಣು ದಪ್ಪ.
ಸೀಸೆ ತೆಗೆದು, ಫೋನಿನಲ್ಲಿ ರೂಪಾಯಿಯನ್ನು ಬಾತ್‌ಗೆ ಇಳಿಸುವಳು
(ಅವರಿಗದು ದುಡ್ಡು, ನಮಗೆ ತಿಂಡಿ)
ಮತ್ತೆ ಅಲ್ಲೇ ಇಡುವಳು,
ಮುಖ ಹೊರಗೆ ಬರುವಂತೆ, ಸಾಲು ತಪ್ಪದಂತೆ,
ನನ್ನ ಕೆಲಸ ತಾನೇ ಮಾಡುವವಳಂತೆ.

ಒಂದು ದಿನ ಕೇಳಿದಳು, ನಮ್ಮಲ್ಲಿಲ್ಲದ್ದನ್ನು.
ಹೆಸರು ಎರಡು ಸಲ ಹೇಳಿದಳು, ರಾಗ ಬದಲಿಸಿ.
ನನ್ನ ಕಿವಿಗೆ ಎರಡೂ ಒಂದೇ.
ಆಗ ಕೈಯಲ್ಲೇ ಮೀನು ಈಜಿಸಿ, ಉಪ್ಪು ಸುರಿದು,
ಭರಣಿಯ ಬಾಯಿ ಕಟ್ಟಿ, ಬೆರಳಲ್ಲಿ ತಿಂಗಳು ಎಣಿಸಿ,
ಮೂಗು ಹಿಡಿದು ನಕ್ಕಳು.
ಮನೆ ಮಾಲೀಕರು ಬಂದದ್ದನ್ನೂ ತೋರಿಸಿದಳು, ಕಪಾಟಿಗೆ ಬಡಿದು:
ಟಕ್ ಟಕ್. ವಾಟ್ ಸ್ಮೆಲ್?

ಆ ಟಕ್ ಟಕ್ ನನಗೆ ಗೊತ್ತು.
ಗಂಗೊಳ್ಳಿಯಿಂದ ಅಬ್ಬಿ ಕಳಿಸಿದ ಒಣ ಸೆಟ್ಲಿಯನ್ನು
ಮೂರು ಪ್ಲಾಸ್ಟಿಕ್ಕು, ಒಂದು ಸ್ಟೀಲ್ ಡಬ್ಬಿ,
ಅದರ ಮೇಲೊಂದು ಹಳೆ ಸೀರೆ ಸುತ್ತಿ
ದೂರವಾಣಿನಗರದಲ್ಲಿ ಮಂಚದಡಿ ಇಟ್ಟವಳು ನಾನು.
ಹುರಿಯುವುದು ಅವರು ತಿರುಪತಿಗೆ ಹೋದಾಗ,
ಅದೂ ನಾಲ್ಕು ಊದುಬತ್ತಿ ಹಚ್ಚಿ.
ಬಾಡಿಗೆಗೆ ಕೇಳಲು ಹೋದ ದಿನವೇ
ನನಗೆ ನಾನೇ ಅಂಟಿಸಿಕೊಂಡಿದ್ದೆ, ಹಸಿರು ಚುಕ್ಕೆ.

ಮರುವಾರ ಒಂದು ಮುಷ್ಟಿ ತಂದೆ, ಪೇಪರಿನಲ್ಲಿ ಕಟ್ಟಿ.
ಕ್ಯಾಮೆರಾಕ್ಕೆ ಬೆನ್ನು ಹಾಕಿ
ಫ್ರೀಜರಿನ ಮರೆಯಲ್ಲಿ ಕೊಟ್ಟೆ.
ಬಿಚ್ಚಿ ಮೂಸಿದಳು.
ಕುಂಗ್, ಅಂದಳು.
ಸೆಟ್ಲಿ, ಅಂದೆ.
ಅವಳು ಕೇಳಿದ್ದು ಇದಲ್ಲ, ನನಗೂ ಗೊತ್ತು.
ಆದರೂ ಒಂದನ್ನು ಬಾಯಿಗೆ ಹಾಕಿಕೊಂಡು
ಬಹಳ ಹೊತ್ತು ಅಗಿದಳು, ಗೋಡೆ ನೋಡುತ್ತ.

ಸಂಪತ್ತು ಬಂದ. ಏನಮ್ಮ ಇದು, ವಾಸನೆ?
ಚೀಸ್ ಸಾರ್, ಅಂದೆ. ಫ್ರಾನ್ಸಿನದು.
ಓ, ಅಂದ. ಮರ್ಯಾದೆಯಿಂದ ಹಿಂದೆ ಸರಿದ.

ಆ ದಿನ ಅವಳು ಕೊಂಡದ್ದು ಏಳನೇ ಸಾಲಿನದೇನಲ್ಲ.
ಎರಡು ನಿಂಬೆಹಣ್ಣು, ಒಂದು ಹಿಡಿ ಹಸಿಮೆಣಸು,
ಮೊದಲ ಸಾಲಿನಿಂದ ಒಂದು ಪರಂಗಿಕಾಯಿ:
ಹೆಸರಷ್ಟೇ ಪರಂಗಿ,
ಕೂತಿರುವುದು ಊರ ಸೋರೆ, ಹೀರೆಗಳ ಪಕ್ಕ,
ಯಾರೂ ಅದಕ್ಕೆ ಚೀಟಿ ಅಂಟಿಸುವುದಿಲ್ಲ.

ಇದಿನ್ನೂ ಹಣ್ಣಾಗಿಲ್ಲ ಮೇಡಂ, ಬೇರೆ ತರ್ಲಾ,
ಅಂದ ಬಿಲ್ಲಿನ ಹುಡುಗ, ಕೈ ಚಾಚಿ.
ನೋಯ್ ಕೊಡಲಿಲ್ಲ.
ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದುಕೊಂಡಳು.