ಮೂವತ್ತೆಂಟು ಮಿಲಿಮೀಟರ್

ನಲವತ್ತು ಮಿಲಿಮೀಟರ್ ಆಳವಿದ್ದರೆ ಗುಂಡಿ,
ಅದಕ್ಕೆ ಕಡಿಮೆಯಾದರೆ ರಸ್ತೆ.
ಇದು ನಮ್ಮ ಕೌಂಟಿಯ ಲೆಕ್ಕ.
ಚರ್ಚಿನ ತಿರುವಿನಲ್ಲಿ ಮಂಡಿಯೂರಿ
ವಿಲ್ಫ್ರೆಡ್ ಹೆಸ್ಕೆತ್ ಸ್ಟೀಲಿನ ಅಡಿಪಟ್ಟಿ ಇಳಿಸುತ್ತಾನೆ
ಕೆಸರುನೀರಿಗೆ ಜ್ವರ ನೋಡುವವನ ಹಾಗೆ.
ಮೂವತ್ತೆಂಟು.
"ಬರಕೊಳ್ಳಮ್ಮ," ಅನ್ನುತ್ತಾನೆ. ಬರೆದುಕೊಳ್ಳುತ್ತೇನೆ.

ನಾನು ಥೋರ್‌ಬೆಕ್ ಪ್ಯಾರಿಷ್ ಕೌನ್ಸಿಲಿನ ಗುಮಾಸ್ತೆ,
ವಾರಕ್ಕೆ ಆರು ಗಂಟೆಯ ಸಂಬಳ.
ಮನೆ ನೂರಾ ಹನ್ನೊಂದು, ಕುರಿ ಎಣಿಸಿದವರಿಲ್ಲ,
ಗುಡ್ಡದ ಬೆನ್ನಿನಿಂದ ಹೊಳೆಯತನಕ ಕಲ್ಲುಗೋಡೆ,
ಏಳು ಮೈಲಿ ರಸ್ತೆ, ಇಪ್ಪತ್ತಮೂರು ಕಾಲುದಾರಿ.
ನಕ್ಷೆಯಲ್ಲಿ ಅವಕ್ಕೆ ಬರೀ ನಂಬರು.
ಹೆಸರಿರುವುದು ನಡೆಯುವವರ ಬಾಯಲ್ಲಿ:
ಹೆಣದ ದಾರಿ, ಹಾಲಿನ ದಾರಿ, ಪುಕ್ಕಲರ ಒಳದಾರಿ.

ರಸ್ತೆ ಕೌಂಟಿಯದು,
ರಸ್ತೆಯಂಚಿನ ಹುಲ್ಲು ನಮ್ಮದು,
ಹುಲ್ಲಿನಾಚೆಯ ಬೇಲಿ ರೈತನದು.
ಬೇಲಿಯಿಂದ ರಸ್ತೆಗೆ ಉದುರಿದ ಎಲೆ ಯಾರದು?
ಹೋದ ನವೆಂಬರಿನ ಸಭೆಯಲ್ಲಿ ನಲವತ್ತು ನಿಮಿಷ ಚರ್ಚೆ,
ಎರಡು ಸಲ ಟೀ.
ಅಷ್ಟರಲ್ಲಿ ಎಲೆ ಮೋರಿಗಿಳಿದು, ಮೋರಿ ಕಟ್ಟಿ,
ನೀರು ತನಗೆ ತೋಚಿದ ಕಡೆ ಹೊರಟುಹೋಯಿತು.
ನೀರು ಯಾವ ಸಭೆಗೂ ಬರುವುದಿಲ್ಲ,
ಬಂದರೆ ಕುರ್ಚಿ ಕೇಳುವುದಿಲ್ಲ.

ವಿಲ್ಫ್ರೆಡ್ ನಮ್ಮ ರಸ್ತೆಯಾಳು. ಒಂದು ಸಲಿಕೆ, ಒಂದು ಕುಡುಗೋಲು,
ಮುಂಗಾಲಿ ಕಿರುಗುಡುವ ತಳ್ಳುಗಾಡಿ.
ಕಟ್ಟಿದ ಮೋರಿಯ ಮೇಲೆ ಕಿವಿಯಿಟ್ಟು ಕೇಳುತ್ತಾನೆ.
"ಇಲ್ಲಿ ಉಸಿರಾಡುತ್ತಿದೆ," ಎಂದು ಅಲ್ಲೇ ಅಗೆಯುತ್ತಾನೆ.
ಬಿಲ್ಲಿನಲ್ಲಿ ಇದನ್ನು ಯಾವ ಕಾಲಮ್ಮಿಗೆ ಹಾಕಲಿ?
'ಇತರೆ' ಎಂದು ಹಾಕುತ್ತೇನೆ.

ಡಿಸೆಂಬರಿನ ಸಭೆಗೆ ರೊಡಿಕಾ ಬಂದಳು,
ಹೊಳೆಯಾಚೆಯ ವೃದ್ಧಾಶ್ರಮದಲ್ಲಿ ಬೆಳಗಿನ ಪಾಳಿಯವಳು.
ಸಾರ್ವಜನಿಕರಿಗೆ ಮೂರು ನಿಮಿಷ.
ರಸ್ತೆಯಲ್ಲಿ ಕ್ವಾರಿಯ ಲಾರಿಗಳಂತೆ, ಹೆಜ್ಜೆಯಿಡಲು ಅಂಚಿಲ್ಲವಂತೆ,
ಅದಕ್ಕೇ ಹದಿನೇಳನೇ ನಂಬರಿನಲ್ಲಿ, ಕತ್ತಲಲ್ಲಿ, ಐದೂವರೆಗೆ.
ಗೋಡೆ ಹತ್ತಿಳಿಯುವ ಎರಡನೇ ಮೆಟ್ಟಿಲು ಕೊಳೆತಿದೆ ಎಂದಳು.
"ಆ ದಾರಿಯಲ್ಲಿ ಯಾರೂ ನಡೆಯುವುದಿಲ್ಲ,"
ಐವರ್ ಸ್ಟ್ರಿಕ್‌ಲ್ಯಾಂಡ್ ಎದ್ದು ನಿಂತ. ಹೊಲ ಅವನದು.
ವರ್ಷವೂ ದಾರಿ ಸೇರಿಸಿಯೇ ಉಳುತ್ತಾನೆ,
ವರ್ಷವೂ ನಾನು ಪತ್ರ ಬರೆಯುತ್ತೇನೆ,
ವರ್ಷವೂ ಕ್ರಿಸ್‌ಮಸ್ಸಿಗೆ ನನಗೊಂದು ಬಾತುಕೋಳಿ ಕಳಿಸುತ್ತಾನೆ.
ರೊಡಿಕಾ ವಾದ ಮಾಡಲಿಲ್ಲ.
ಬೂಟು ಬಿಚ್ಚಿ, ಅಡಿಮೇಲು ಮಾಡಿ, ಮೇಜಿನ ಮೇಲಿಟ್ಟಳು,
ಅಧ್ಯಕ್ಷರ ಬಿಸ್ಕತ್ತಿನ ಪಕ್ಕಕ್ಕೆ.
ಹದಿನೇಳನೇ ನಂಬರಿನ ಕೆಂಪು ಮಣ್ಣು,
ಅದರಲ್ಲಿ ಮುರಿದ ಬಾರ್ಲಿ ಕೂಳೆ.
ಅವಳಿಗೆ ಇನ್ನೂ ಒಂದೂಕಾಲು ನಿಮಿಷ ಉಳಿದಿತ್ತು.
ಯಾರೂ ಕೆಮ್ಮಲಿಲ್ಲ.

ನಡಾವಳಿಯಲ್ಲಿ ಹೀಗೆ ಬರೆದೆ:
'ಒಬ್ಬ ನಿವಾಸಿ ಮಾತಾಡಿದರು. ಗಮನಿಸಲಾಯಿತು.'
ಬೂಟಿನ ವಿಷಯ ಬರೆಯಲಿಲ್ಲ. ಮಣ್ಣನ್ನು ನಾನೇ ಒರೆಸಿದೆ.
ಮನೆಗೆ ಬಂದ ಮೇಲೆ ಆ ಮಾತು ಚುಚ್ಚಿತು.
ನಡಾವಳಿ ಅನ್ನುತ್ತೇವೆ,
ಅದರಲ್ಲಿ ನಡೆದದ್ದೊಂದು ಬಿಟ್ಟು ಎಲ್ಲ ಇರುತ್ತದೆ.

ಮೂರು ವಾರಕ್ಕೆ ಹದಿನೇಳಕ್ಕೆ ನಾನೇ ಹೋದೆ,
ಟಾರ್ಚು ಹಿಡಿದು, ಸಂಬಳದ ಆರು ಗಂಟೆಯ ಹೊರಗೆ.
ಗೋಡೆಗೆ ಹೊಸ ಮೆಟ್ಟಿಲು. ಓಕ್ ಹಲಗೆ, ನಾಲ್ಕು ಮೊಳೆ, ಗಟ್ಟಿ.
ವಿಲ್ಫ್ರೆಡನ ಬಿಲ್ಲಿನಲ್ಲಿ ಇದಿರಲಿಲ್ಲ.
ಬಗ್ಗಿ ಅಡಿಯಿಂದ ಬೆಳಕು ಬಿಟ್ಟೆ:
ಬಿಳಿ ಬಣ್ಣ, ದಪ್ಪಕ್ಷರ, ತಲೆಕೆಳಗು.
'ಖಾಸಗಿ. ಪ್ರವೇಶವಿಲ್ಲ.'
ಸ್ಟ್ರಿಕ್‌ಲ್ಯಾಂಡನ ಗೇಟಿಗೆ ಹೋದ ಬೇಸಿಗೆಯತನಕ ತೂಗಿದ ಹಲಗೆ.
ಅವನೇ ಹೊಡೆದನೋ, ಅವನಿಗೆ ಗೊತ್ತಿಲ್ಲದೆ ಯಾರಾದರೂ ಹೊಡೆದರೋ,
ನಾನು ಕೇಳಲಿಲ್ಲ.
ಹತ್ತಿದೆ. ಅಲುಗಲಿಲ್ಲ.
ದೂರದಲ್ಲಿ ಇನ್ನೊಂದು ಟಾರ್ಚು ಹೊಲ ದಾಟುತ್ತಿತ್ತು.

ಚರ್ಚಿನ ತಿರುವಿಗೆ ಜನವರಿಯ ಹಿಮ ಬಿತ್ತು, ಕರಗಿತು, ಮತ್ತೆ ಬಿತ್ತು.
ವಿಲ್ಫ್ರೆಡ್ ಅಡಿಪಟ್ಟಿ ಎತ್ತಿ ಬಿಸಿಲಿಗೆ ಹಿಡಿದ.
"ನಲವತ್ತೊಂದು!"
ಮೊಮ್ಮಗಳು ಹುಟ್ಟಿದ ಸುದ್ದಿಯ ಹಾಗೆ ಹೇಳಿದ.
ಇಬ್ಬರೂ ಸೇರಿ ಸುತ್ತ ಬಿಳಿ ಬಣ್ಣ ಬಳಿದೆವು,
ಕೌಂಟಿಯವರು ಬರುವತನಕ
ಯಾರೂ ಅದನ್ನು ರಸ್ತೆ ಅನ್ನಬಾರದೆಂದು.